‘ವಿಹಾರ’ ಶಬ್ದದ ಅರ್ಥಸಂಚಾರ

೧

ಸಂಜೆಯ ಹೊತ್ತು ಕಾಲಾಡಿಸಿ ಬರುವುದನ್ನು ‘ವಾಯುವಿಹಾರ’ವೆಂದು ಹೇಳುವ ವಾಡಿಕೆ ಹಿಂದಿನ ತಲೆಮಾರಿನ ಬರೆಹಗಳಲ್ಲಿ ಸಾಮಾನ್ಯವಾಗಿತ್ತು. ಇಂದು ಆ ಮಾತು ಪತ್ರಿಕೆಗಳ ವರದಿಗಳಲ್ಲಿಯೂ ಶಾಲೆಯ ಪ್ರಬಂಧಗಳಲ್ಲಿಯೂ ಉಳಿದುಕೊಂಡಿದೆಯಾದರೂ, ಆಡುನುಡಿಯಲ್ಲಿ ಅದರ ಸ್ಥಾನವನ್ನು ‘ವಾಕಿಂಗ್’ ಎಂಬುದು ಆಕ್ರಮಿಸಿದೆ. ಹಳತಾಯಿತೆಂದು ಈ ಶಬ್ದವನ್ನು ಬದಿಗಿಡುವ ಮುನ್ನ ಅದು ನಡೆದುಬಂದ ದಾರಿಯನ್ನು ಒಮ್ಮೆ ನೋಡುವುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ.

‘ವಿಹಾರ’ಕ್ಕೆ ಕನ್ನಡದಲ್ಲಿ ಈಗ ಪ್ರಚಲಿತವಾಗಿರುವ ಅರ್ಥಗಳು ಮುಖ್ಯವಾಗಿ ಮೂರು. ಸಂತೋಷಕ್ಕಾಗಿ ತಿರುಗಾಡುವುದು ಒಂದು. ವಾಯುವಿಹಾರ, ವನವಿಹಾರ, ನೌಕಾವಿಹಾರ ಮೊದಲಾದ ಸಮಾಸಗಳು ಇದಕ್ಕೆ ಸೇರುತ್ತವೆ. ಜೈನಮುನಿಗಳು ಊರಿಂದೂರಿಗೆ ಕಾಲ್ನಡಿಗೆಯಿಂದ ಹೋಗುವುದು ಎರಡನೆಯದು. ಮುನಿಸಂಘವು ಒಂದು ಊರನ್ನು ಬಿಟ್ಟು ಹೊರಟಿತೆಂದರೆ, ಸಂಘದ ವಿಹಾರವಾಯಿತೆಂದು ಶ್ರಾವಕರು ಹೇಳುತ್ತಾರೆ. ಬೌದ್ಧಭಿಕ್ಷುಗಳು ವಾಸಮಾಡುವ ಕಟ್ಟಡ ಮೂರನೆಯದು. ಮೊದಲನೆಯದರಲ್ಲಿ ನಡಿಗೆಯೂ ಸುಖವೂ ಇವೆ. ಎರಡನೆಯದರಲ್ಲಿ ನಡಿಗೆಯಿದೆ, ಸುಖದ ಅಪೇಕ್ಷೆಯಿಲ್ಲ. ಮೂರನೆಯದರಲ್ಲಿ ನಡಿಗೆಯೇ ಇಲ್ಲ, ಅದು ನಿಂತ ನೆಲೆ. ಚಲನೆಯನ್ನು ಹೇಳಬೇಕಾದ ಶಬ್ದವೊಂದು ಗೋಡೆ ಮಾಡುಗಳುಳ್ಳ ಕಟ್ಟಡದ ಹೆಸರಾದುದು ಹೇಗೆ? ಇದು ಕೇವಲ ನಿಘಂಟುಕಾರರ ಪ್ರಶ್ನೆಯಲ್ಲ. ನಮ್ಮ ನಾಡಿನ ಶಾಸನಗಳಲ್ಲಿ ಈ ಶಬ್ದವನ್ನು ಕಂಡಾಗ ಅದರಿಂದ ನಾವು ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಪ್ರಕೃತ ಲೇಖನದಲ್ಲಿ ಈ ಎರಡನ್ನೂ ಕೂಡಿಸಿ ವಿಚಾರಿಸುತ್ತೇವೆ.

೨

ಶಬ್ದದ ಮೂಲ ‘ಹೃ’ ಧಾತು. ಒಯ್ಯು, ತೆಗೆದುಕೊಳ್ಳು ಎಂಬುದು ಅದರ ಅರ್ಥ. ಉಪಸರ್ಗದ ಬಲದಿಂದ ಧಾತುವಿನ ಅರ್ಥವು ಬೇರೆಡೆಗೆ ಸಾಗುತ್ತದೆಂಬುದಕ್ಕೆ ವೈಯಾಕರಣರು ಇದೇ ಧಾತುವಿನಿಂದ ಹುಟ್ಟಿದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರಗಳನ್ನು ಉದಾಹರಿಸುವುದು ಸಂಸ್ಕೃತ ಓದಿದವರಿಗೆಲ್ಲ ಪರಿಚಿತವಾದ ವಿಷಯ. ಇವುಗಳಲ್ಲಿ ‘ಪರಿಹಾರ’ವು ಶಾಸನಗಳನ್ನು ಓದುವವರಿಗೂ ಹಳೆಯ ನೆಂಟ, ದತ್ತಿಬಿಟ್ಟ ಭೂಮಿಗೆ ತೆರಿಗೆ ಮುಂತಾದ ಬಾಧೆಗಳು ಇಲ್ಲವೆಂದು ಸಾರುವಾಗ ‘ಸರ್ವಬಾಧಾಪರಿಹಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ.

‘ವಿ’ ಎಂಬ ಉಪಸರ್ಗ ಸೇರಿದಾಗ ಬೇರೆ ಬೇರೆಯಾಗಿ ಒಯ್ಯು, ಹರಡು ಎಂಬ ಅರ್ಥ ಬರುತ್ತದೆ. ಶ್ರೌತಕರ್ಮದಲ್ಲಿ ಗಾರ್ಹಪತ್ಯದಿಂದ ಬೆಂಕಿಯನ್ನು ತೆಗೆದು ಇತರ ಕುಂಡಗಳಿಗೆ ಒಯ್ಯುವುದಕ್ಕೆ ‘ವಿಹರಣ’ವೆಂದು ಹೆಸರು, ಹಾಗೆ ಅಗ್ನಿಗಳನ್ನು ಬೇರ್ಪಡಿಸಿ ಇಟ್ಟ ಸ್ಥಳಕ್ಕೂ ‘ವಿಹಾರ’ವೆಂಬ ಹೆಸರುಂಟು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೌದ್ಧರ ಬಳಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, ಒಯ್ಯುವ ಕ್ರಿಯೆಯ ಹೆಸರು ಒಯ್ದು ಇಟ್ಟ ಎಡೆಗೆ ಅಂಟಿಕೊಳ್ಳುವುದು ಈ ಶಬ್ದಕ್ಕೆ ಹೊಸತಲ್ಲ.

ಹರಡು ಎಂಬುದರಿಂದ ಕಾಲವನ್ನು ಕಳೆ, ಅತ್ತಿತ್ತ ತಿರುಗಾಡು, ಕ್ರೀಡಿಸು ಎಂಬ ಅರ್ಥಗಳು ಬೆಳೆದುವು. ಆಯುರ್ವೇದದಲ್ಲಿ ‘ಆಹಾರವಿಹಾರ’ ಎಂಬ ಜೋಡಿ ಪ್ರಸಿದ್ಧವಾದುದು. ಉಣ್ಣುವುದೂ ಉಂಡ ಮೇಲೆ ದೇಹವನ್ನು ನಡೆಸಿಕೊಳ್ಳುವ ರೀತಿಯೂ ಅದರಲ್ಲಿ ಅಡಗಿವೆ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿಯೂ ಯೋಗಿಯ ಮಿತವಾದ ಬಾಳನ್ನು ಹೇಳುವಾಗ ಈ ಜೋಡಿ ಬಂದಿದೆ. ಅದಕ್ಕೆ ವ್ಯಾಖ್ಯಾನ ಬರೆದ ಶಂಕರಾಚಾರ್ಯರು ‘ವಿಹಾರ’ವನ್ನು ‘ಪಾದಕ್ರಮ’ ಎಂದು ವಿವರಿಸಿದ್ದಾರೆ. ಪಾದಕ್ರಮವೆಂದರೆ ಹೆಜ್ಜೆಯಿಡುವುದು, ಅಂದರೆ ನಡಿಗೆ. ಸುಖ, ವಿನೋದ, ಕ್ರೀಡೆ ಎಂಬ ಯಾವ ಬಣ್ಣವನ್ನೂ ಅವರು ಅದಕ್ಕೆ ಬಳಿಯಲಿಲ್ಲ. ಸಂನ್ಯಾಸಿಯ ದೃಷ್ಟಿಯಲ್ಲಿ ವಿಹಾರವು ಮಿತವಾಗಿರಬೇಕಾದ ನಡಿಗೆಯೇ ಆಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾಗಿಲ್ಲ.

೩

ಚರಿತ್ರೆಯ ದೃಷ್ಟಿಯಿಂದ ಈ ಶಬ್ದದ ಅತ್ಯಂತ ಮುಖ್ಯವಾದ ಪ್ರಯೋಗ ಅಶೋಕನ ಎಂಟನೆಯ ಶಿಲಾಶಾಸನದಲ್ಲಿದೆ. ಹಿಂದಿನ ಅರಸರು ‘ವಿಹಾರಯಾತ್ರೆ’ಗೆ ಹೊರಡುತ್ತಿದ್ದರೆಂದೂ, ಬೇಟೆ ಮೊದಲಾದ ವಿನೋದಗಳು ಅದರಲ್ಲಿ ನಡೆಯುತ್ತಿದ್ದುವೆಂದೂ ಅದು ಹೇಳುತ್ತದೆ. ತಾನಾದರೋ ಪಟ್ಟಾಭಿಷಿಕ್ತನಾದ ಹತ್ತನೆಯ ವರ್ಷದಲ್ಲಿ ಸಂಬೋಧಿಗೆ ಹೋದೆನೆಂದೂ, ಅಂದಿನಿಂದ ಧರ್ಮಯಾತ್ರೆ ಆರಂಭವಾಯಿತೆಂದೂ ಅಶೋಕನು ಸಾರಿದ್ದಾನೆ. ಶ್ರಮಣರನ್ನೂ ಬ್ರಾಹ್ಮಣರನ್ನೂ ವೃದ್ಧರನ್ನೂ ಕಂಡು ದಾನಮಾಡುವುದು, ನಾಡಿನ ಜನರನ್ನು ಕಂಡು ಅವರಿಗೆ ಧರ್ಮವನ್ನು ತಿಳಿಸುವುದು, ಧರ್ಮದ ವಿಚಾರವಾಗಿ ಪ್ರಶ್ನಿಸುವುದು, ಇವು ಆ ಯಾತ್ರೆಯ ಕಾರ್ಯಗಳು. ಈ ಶಾಸನದ ಪಾಠ ಇಂದಿನ ಆಂಧ್ರಪ್ರದೇಶದ ಎರ್ರಗುಡಿಯವರೆಗೂ, ಎಂದರೆ ಕನ್ನಡನಾಡಿನ ಅಂಚಿನವರೆಗೂ ಬಂದಿದೆ.

ಇಲ್ಲಿ ‘ವಿಹಾರ’ಕ್ಕೆ ವಿನೋದದ ತಿರುಗಾಟವೆಂಬ ಅರ್ಥವೇ ಇದೆ. ಆದರೆ ಅಶೋಕನು ತಿರುಗಾಟವನ್ನು ಬಿಡಲಿಲ್ಲ. ಅದರ ಉದ್ದೇಶವನ್ನು ಮಾತ್ರ ಬದಲಾಯಿಸಿದನು. ಅರಸನು ಅರಮನೆಯಿಂದ ಹೊರಟು ನಾಡಿನಲ್ಲಿ ಸುತ್ತುವುದು ಹಳೆಯ ಪದ್ಧತಿಯೇ. ಯಾರನ್ನು ಕಾಣಲು ಸುತ್ತಬೇಕು, ಏನನ್ನು ಕೊಡಲು ಸುತ್ತಬೇಕು ಎಂಬುದರಲ್ಲಿ ವ್ಯತ್ಯಾಸ ಬಂದಿತು.

ಕರ್ಣಾಟಕದಲ್ಲಿಯೇ ದೊರೆತ ಅಶೋಕನ ಶಾಸನಗಳಿಗೆ ಇದರ ನೇರವಾದ ಸಂಬಂಧವಿದೆ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಗುರುತಿಸಿದ ಕಿರು ಶಿಲಾಶಾಸನಗಳು ಪ್ರಸಿದ್ಧವಾಗಿವೆ. ಬ್ರಹ್ಮಗಿರಿಯ ಪಾಠದಲ್ಲಿ ೨೫೬ ಎಂಬ ಸಂಖ್ಯೆಯೂ ಅದರ ಜೊತೆಗೆ ‘ವ್ಯೂಥ’ ಎಂಬ ಶಬ್ದವೂ ಬರುತ್ತವೆ. ಇದು ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷವೆಂದು ಮೊದಲಿಗೆ ಕೆಲವು ವಿದ್ವಾಂಸರು ಭಾವಿಸಿದ್ದರು. ಅರಸನು ಪ್ರವಾಸದಲ್ಲಿ ಹೊರಗೆ ಕಳೆದ ೨೫೬ ರಾತ್ರಿಗಳ ಲೆಕ್ಕವಿದೆಂಬ ಅಭಿಪ್ರಾಯವು ಅನಂತರ ಹೆಚ್ಚು ಮನ್ನಣೆಯನ್ನು ಪಡೆಯಿತು. ಆ ಶಬ್ದದಲ್ಲಿರುವುದು ‘ವಸ್’ ಎಂಬ ಧಾತು, ವಾಸಮಾಡು ಎಂಬುದು ಅದರ ಅರ್ಥ. ಮನೆಯಿಂದ ದೂರವಾಗಿ ವಾಸಿಸಿದುದು ಎಂದು ಇಡೀ ಮಾತಿನ ತಾತ್ಪರ್ಯ. ನಾವು ಇಂದು ಬಳಸುವ ‘ಪ್ರವಾಸ’ದಲ್ಲಿಯೂ ಇರುವುದು ಇದೇ ಧಾತು. ಸಂಚಾರವನ್ನು ಅಳೆಯುವಾಗ ನಡೆದ ದೂರಕ್ಕಿಂತ ತಂಗಿದ ರಾತ್ರಿಗಳನ್ನು ಎಣಿಸುವ ಕ್ರಮವು ಎಷ್ಟು ಹಿಂದಿನದೆಂಬುದು ಇದರಿಂದ ತೋರುತ್ತದೆ.

೪

ಬೌದ್ಧರ ಪಾಲಿ ಗ್ರಂಥಗಳಿಗೆ ಬಂದರೆ ಅರ್ಥವು ಸ್ಪಷ್ಟವಾಗಿ ನೆಲೆಯ ಕಡೆಗೆ ವಾಲಿದೆ. ಸೂತ್ರಗಳ ಆರಂಭದಲ್ಲಿ ಭಗವಂತನು ಇಂಥ ಕಾಲದಲ್ಲಿ ಇಂಥ ಊರಿನಲ್ಲಿದ್ದನೆಂದು ಹೇಳುವುದಕ್ಕೆ ಬಳಸುವ ಕ್ರಿಯಾಪದ ‘ವಿಹರತಿ’. ಅಲ್ಲಿ ಅದಕ್ಕೆ ಇದ್ದನು, ಕಾಲ ಕಳೆಯುತ್ತಿದ್ದನು ಎಂದೇ ಅರ್ಥಮಾಡಬೇಕು. ಊರಿಂದೂರಿಗೆ ನಡೆಯುವುದನ್ನು ಹೇಳಲು ಆ ಗ್ರಂಥಗಳಲ್ಲಿ ‘ಚಾರಿಕಾ’ ಎಂಬ ಬೇರೊಂದು ಮಾತಿದೆ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಭಾವನೆಗಳಿಗೆ ‘ಬ್ರಹ್ಮವಿಹಾರ’ಗಳೆಂದು ಹೆಸರಾದುದೂ ಇದೇ ಅರ್ಥದಿಂದ, ಅವು ಮನಸ್ಸು ನೆಲೆಸಬೇಕಾದ ಸ್ಥಿತಿಗಳು.

ಆದರೆ ಸಂಘವು ಹುಟ್ಟಿದಾಗ ಅದಕ್ಕೆ ನೆಲೆಯೇ ಇರಲಿಲ್ಲ. ಮೊದಲ ಅರುವತ್ತು ಮಂದಿ ಅರ್ಹಂತರನ್ನು ಬುದ್ಧನು ಬಹುಜನರ ಹಿತಕ್ಕಾಗಿ ನಾಡಿನಲ್ಲಿ ಸಂಚರಿಸಲು ಕಳುಹಿಸಿದನೆಂದೂ, ಒಂದೇ ದಾರಿಯಲ್ಲಿ ಇಬ್ಬರು ಹೋಗಬಾರದೆಂದು ವಿಧಿಸಿದನೆಂದೂ ವಿನಯಪಿಟಕವು ತಿಳಿಸುತ್ತದೆ. ಮಳೆಗಾಲದಲ್ಲಿಯೂ ಭಿಕ್ಷುಗಳು ತಿರುಗುತ್ತ ಹಸುರು ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರೆಂದು ಜನರು ಆಕ್ಷೇಪಿಸಿದಾಗ, ಮೂರು ತಿಂಗಳು ಒಂದೆಡೆ ನಿಲ್ಲಬೇಕೆಂಬ ವರ್ಷಾವಾಸದ ನಿಯಮ ಬಂದಿತು. ರಾಜಗೃಹದ ಶ್ರೇಷ್ಠಿಯೊಬ್ಬನು ಅರುವತ್ತು ವಸತಿಗಳನ್ನು ಒಂದೇ ದಿನದಲ್ಲಿ ಕಟ್ಟಿಸಿಕೊಟ್ಟನೆಂಬ ಕಥೆಯೂ ಅಲ್ಲಿದೆ. ಆ ಸಂದರ್ಭದಲ್ಲಿ ಭಿಕ್ಷುಗಳಿಗೆ ಅನುಮತವಾದ ಐದು ಬಗೆಯ ವಸತಿಗಳಲ್ಲಿ ‘ವಿಹಾರ’ವೂ ಒಂದು. ಒಬ್ಬ ಭಿಕ್ಷುವಿನ ಗುಡಿಸಲಿಗೋ ಕೋಣೆಗೋ ಇದ್ದ ಈ ಹೆಸರು ಕಾಲಕ್ರಮದಲ್ಲಿ ಅಂಗಳದ ಸುತ್ತ ಅನೇಕ ಕೋಣೆಗಳುಳ್ಳ ಇಡೀ ಮಠಕ್ಕೆ ವ್ಯಾಪಿಸಿತು. ಮಗಧದಲ್ಲಿ ಇಂಥ ಮಠಗಳ ಪ್ರಾಬಲ್ಯವಿದ್ದ ಪಟ್ಟಣವೊಂದು ಅದೇ ಹೆಸರನ್ನು ಪಡೆಯಿತು. ಅಲ್ಲಿಂದ ಅದು ಇಡೀ ಪ್ರಾಂತಕ್ಕೆ ಹರಡಿ ಇಂದಿನ ‘ಬಿಹಾರ’ವಾಯಿತು.

ಈ ಬೆಳವಣಿಗೆಯ ಹಂತಗಳನ್ನು ಕ್ರಮವಾಗಿ ಇಟ್ಟು ನೋಡಿದರೆ ಶಬ್ದದ ಒಗಟು ಬಹುಮಟ್ಟಿಗೆ ಬಿಡುತ್ತದೆ. ನಡೆಯುವವನು ಕಾಲ ಕಳೆಯುವ ರೀತಿ, ಕಾಲ ಕಳೆಯುವ ಎಡೆ, ಆ ಎಡೆಯಲ್ಲಿ ಎದ್ದ ಮನೆ, ಮನೆಗಳು ಕೂಡಿದ ಮಠ, ಕೊನೆಗೆ ನಾಡು, ಹೀಗೆ ಅರ್ಥವು ಸಾಗಿದೆ. ಒಂದು ಋತುವಿಗೆಂದು ಮೊದಲಾದ ತಂಗುವಿಕೆಯು ದಾನಿಗಳ ಔದಾರ್ಯದಿಂದ ಶಾಶ್ವತವಾದ ನೆಲೆಯಾದುದು ಇದರ ಹಿಂದಿರುವ ಚಾರಿತ್ರಿಕ ಸಂಗತಿ.

೫

ಜೈನರಲ್ಲಿ ಇದೇ ಶಬ್ದ ಬೇರೆ ದಾರಿ ಹಿಡಿಯಿತು. ಮಹಾವೀರನು ಮಳೆಗಾಲವನ್ನು ಬಿಟ್ಟು ಉಳಿದ ಎಂಟು ತಿಂಗಳು ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ಮಾತ್ರ ತಂಗುತ್ತಿದ್ದನೆಂದು ಕಲ್ಪಸೂತ್ರವು ಹೇಳುತ್ತದೆ. ಕೇವಲಜ್ಞಾನವನ್ನು ಪಡೆದ ತೀರ್ಥಂಕರನು ದೇಶದೇಶಗಳಲ್ಲಿ ಸಂಚರಿಸಿ ಧರ್ಮವನ್ನು ಬೋಧಿಸುವುದಕ್ಕೆ ಪುರಾಣಗಳಲ್ಲಿ ‘ವಿಹಾರ’ವೆಂದು ಹೆಸರು. ಇಂದಿಗೂ ಮುನಿಗಳ ಕಾಲ್ನಡಿಗೆಯೇ ವಿಹಾರ; ಮಳೆಗಾಲದ ನಿಲುಗಡೆ ಚಾತುರ್ಮಾಸ. ಮುನಿಯು ಆಹಾರಕ್ಕಾಗಿ ಊರೊಳಗೆ ಹೋಗುವುದಕ್ಕೆ ಕನ್ನಡದಲ್ಲಿ ‘ಚರಿಗೆ’ ಎಂಬ ಮಾತು ಇದ್ದುದನ್ನು ವಡ್ಡಾರಾಧನೆಯಿಂದ ಅರಿಯಬಹುದು. ಅದೂ ನಡಿಗೆಯಿಂದಲೇ ಹುಟ್ಟಿದ ಮಾತು. ಸಂಸ್ಕೃತದ ‘ಚರ್ಯಾ’ ಎಂಬುದು ಪ್ರಾಕೃತದ ಮೂಲಕ ಈ ರೂಪವನ್ನು ತಾಳಿದೆ.

ಜೈನರಿಗೆ ಕಟ್ಟಡಗಳು ಇರಲಿಲ್ಲವೆಂದಲ್ಲ. ಕರ್ಣಾಟಕದಲ್ಲಿ ಅವು ಹೇರಳವಾಗಿದ್ದುವು. ಆದರೆ ಅವುಗಳ ಹೆಸರು ‘ಬಸದಿ’. ಸಂಸ್ಕೃತದ ‘ವಸತಿ’ಯೇ ಇದರ ಮೂಲ; ವಾಸದ ಎಡೆ ಎಂಬುದು ಅಕ್ಷರಾರ್ಥ. ವಾಸಕ್ಕೆ ವಾಸದ ಹೆಸರನ್ನೂ ನಡಿಗೆಗೆ ನಡಿಗೆಯ ಹೆಸರನ್ನೂ ಜೈನರು ಬೇರೆ ಬೇರೆಯಾಗಿ ಇರಿಸಿಕೊಂಡರು. ಒಂದೇ ನಾಡಿನಲ್ಲಿ, ಒಂದೇ ಶತಮಾನದಲ್ಲಿ, ಒಂದು ಶ್ರಮಣಸಂಘದ ಮನೆಗೆ ವಿಹಾರವೆಂದೂ ಇನ್ನೊಂದು ಸಂಘದ ಮನೆ ಬಿಟ್ಟ ನಡಿಗೆಗೆ ವಿಹಾರವೆಂದೂ ಹೆಸರಿದ್ದುದನ್ನು ನಾವು ಮರೆಯಬಾರದು.

ಇದಕ್ಕೆ ಸಂಬಂಧಿಸಿದಂತೆ ಕದಂಬರ ತಾಮ್ರಪಟವೊಂದನ್ನು ಇಲ್ಲಿ ಪರಿಶೀಲಿಸಬೇಕು. ಕ್ರಿ.ಶ. ೫೦೦ರ ಆಸುಪಾಸಿನಲ್ಲಿ ಆಳಿದ ರವಿವರ್ಮನ ಕಾಲದ ಈ ಪಟವು ಪಲಾಶಿಕೆಯಲ್ಲಿ, ಎಂದರೆ ಇಂದಿನ ಬೆಳಗಾವಿ ಜಿಲ್ಲೆಯ ಹಲಸಿಯಲ್ಲಿ ದೊರೆತದ್ದು. ಕಾರ್ತಿಕದ ಹುಣ್ಣಿಮೆಯಲ್ಲಿ ಪ್ರತಿವರ್ಷವೂ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರಾದಿಗಳು ಸಲ್ಲಬೇಕೆಂದೂ ಅದರಲ್ಲಿ ವಿಧಿಸಿದೆ. ಶಾಸನವು ನಾಲ್ಕು ತಿಂಗಳಿಗೆ ಮಾತ್ರ ಏರ್ಪಾಡು ಮಾಡಿತು. ಉಳಿದ ಎಂಟು ತಿಂಗಳ ಮಾತು ಅದರಲ್ಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಆ ತಿಂಗಳುಗಳಲ್ಲಿ ತಪಸ್ವಿಗಳು ದಾರಿಯಲ್ಲಿರುತ್ತಿದ್ದರು. ಅವರನ್ನು ದಾರಿಯ ಊರುಗಳು ಸಲಹುತ್ತಿದ್ದುವು. ಒಂದು ಹಿಡಿ ಅನ್ನವನ್ನು ಕೊಟ್ಟ ಗೃಹಿಣಿಯು ಅದಕ್ಕಾಗಿ ತಾಮ್ರಪಟವನ್ನು ಬರೆಸುವುದಿಲ್ಲ. ವರ್ಷದ ಮೂರರಲ್ಲಿ ಒಂದು ಪಾಲಿಗೆ ದಾಖಲೆಯಿದೆ, ಎರಡು ಪಾಲಿಗೆ ಇಲ್ಲ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಒಂದನೆಯ ಶಾಸನವು ಇದಕ್ಕೆ ಅಪವಾದವೆಂದು ತೋರಬಹುದು. ಸುಮಾರು ಕ್ರಿ.ಶ. ೬೦೦ರದೆಂದು ಎಣಿಸಲಾದ ಆ ಬರೆಹದಲ್ಲಿ, ಉಜ್ಜಯಿನಿಯಲ್ಲಿ ಭದ್ರಬಾಹುವು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಹೇಳಿದುದೂ, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುದೂ ಉಕ್ತವಾಗಿವೆ. ದೊಡ್ಡದೊಂದು ನಡಿಗೆಯ ನೆನಪು ಇಲ್ಲಿ ಕಲ್ಲಿಗೆ ಏರಿದೆ. ಆದರೆ ಶಾಸನದ ಉದ್ದೇಶ ಆ ನಡಿಗೆಯನ್ನು ವರ್ಣಿಸುವುದಾಗಿರಲಿಲ್ಲ. ಕಟವಪ್ರಗಿರಿಯಲ್ಲಿ ಪ್ರಭಾಚಂದ್ರನೆಂಬ ಆಚಾರ್ಯನು ಸಮಾಧಿಮರಣವನ್ನು ಹೊಂದಿದುದನ್ನು ಹೇಳುವುದಾಗಿತ್ತು. ನಡೆದವರು ಇಲ್ಲಿ ನಿಂತರು, ಆದ್ದರಿಂದ ಅವರು ನಡೆದ ಸಂಗತಿ ನಮಗೆ ತಿಳಿಯಿತು. ದಾರಿಯಲ್ಲಿಯೇ ಅಳಿದವರ ಮತ್ತು ಬೇರೆ ದಾರಿಯಲ್ಲಿ ಹೋದವರ ಮಾತು ಈ ಬಂಡೆಯ ಮೇಲೆ ಇಲ್ಲ.

೬

ಇನ್ನು ಕರ್ಣಾಟಕದ ಶಾಸನಗಳಲ್ಲಿ ಕಟ್ಟಡವೆಂಬ ಅರ್ಥದಲ್ಲಿ ‘ವಿಹಾರ’ವು ಬರುವ ಮೂರು ಸ್ಥಳಗಳನ್ನು ನೋಡೋಣ.

ಒಂದನೆಯದು ಮಂಗಳೂರಿನ ಕದ್ರಿ. ಅಲ್ಲಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಮೇಲೆ ಆಳುಪ ಅರಸನಾದ ಕುಂದವರ್ಮನ ಶಾಸನವಿದೆ. ಅದರ ಕಾಲ ಕ್ರಿ.ಶ. ೯೬೮. ಕದರಿಕಾ ಎಂಬ ವಿಹಾರದಲ್ಲಿ ಅರಸನು ಲೋಕೇಶ್ವರನನ್ನು ಸ್ಥಾಪಿಸಿದನೆಂದು ಅದು ತಿಳಿಸುತ್ತದೆ. ಎರಡನೆಯದು ಬಳ್ಳಿಗಾವೆ. ಚಾಲುಕ್ಯರ ಅಧಿಕಾರಿಯಾದ ರೂಪಭಟ್ಟಯ್ಯನು ಅಲ್ಲಿ ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದ ಸಂಗತಿ ಕ್ರಿ.ಶ. ೧೦೬೫ರ ಶಾಸನದಿಂದ ತಿಳಿದುಬರುತ್ತದೆ. ಮೂರನೆಯದು ಗದಗ ಜಿಲ್ಲೆಯ ಡಂಬಳ, ಶಾಸನಗಳ ಧರ್ಮವೊಳಲು. ಆರನೆಯ ವಿಕ್ರಮಾದಿತ್ಯನ ಆಳಿಕೆಗೆ ಸೇರಿದ ಕ್ರಿ.ಶ. ೧೦೯೫ರ ಶಾಸನವು ಅಲ್ಲಿ ಎರಡು ವಿಹಾರಗಳನ್ನು ಹೆಸರಿಸುತ್ತದೆ. ಬುದ್ಧನ ವಿಹಾರವನ್ನು ಆ ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದರು. ಆರ್ಯ ತಾರಾದೇವಿಯ ವಿಹಾರವನ್ನು ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿಯು ಕಟ್ಟಿಸಿದನು.

ಕಟ್ಟಿಸಿದವರು ಯಾರೆಂಬುದನ್ನು ಗಮನಿಸಬೇಕು. ಅರಸ, ಅಧಿಕಾರಿ, ವ್ಯಾಪಾರಿಗಳು. ಇವರಲ್ಲಿ ವ್ಯಾಪಾರಿಗಳ ವೃತ್ತಿಯೇ ಸಂಚಾರವನ್ನು ಅವಲಂಬಿಸಿದುದು. ಆ ಕಾಲದ ವರ್ತಕಸಂಘಗಳ ಜನರಿಗೆ ‘ನಾನಾದೇಶಿ’ಗಳೆಂಬ ಹೆಸರೇ ಇತ್ತು, ಅನೇಕ ದೇಶಗಳಲ್ಲಿ ತಿರುಗಿದವರೆಂಬುದನ್ನು ಅವರ ಪ್ರಶಸ್ತಿಗಳು ಹೆಮ್ಮೆಯಿಂದ ಸಾರುತ್ತವೆ. ಡಂಬಳದಲ್ಲಿ ಒಬ್ಬ ಸೆಟ್ಟಿಯು ತನ್ನೂರಾದ ಲಕ್ಕುಂಡಿಯನ್ನು ಬಿಟ್ಟು ನೆರೆಯ ಪಟ್ಟಣದಲ್ಲಿ ವಿಹಾರವನ್ನು ಎತ್ತಿಸಿದನು. ಆದರೆ ಅವನ ವ್ಯಾಪಾರದ ದಾರಿಯಾಗಲಿ, ಆ ವಿಹಾರದ ಭಿಕ್ಷುಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದ್ದರೆಂಬುದಾಗಲಿ ಶಾಸನದ ವಿಷಯವಲ್ಲ. ದಾನ, ದಾನಿ, ದೇವತೆ, ಭೂಮಿ, ಅದರ ಎಲ್ಲೆ, ದಾನವನ್ನು ಅಳಿದವರಿಗೆ ಬರುವ ಪಾಪ, ಇವಿಷ್ಟನ್ನು ಸ್ಥಿರಪಡಿಸುವುದು ದತ್ತಿಶಾಸನದ ಕೆಲಸ.

ಅರಸರ ವಿಷಯದಲ್ಲಿಯೂ ಸ್ಥಿತಿ ಇದೇ. ಚಾಲುಕ್ಯರ ಶಾಸನಗಳಲ್ಲಿ ಅರಸನು ಇಂಥ ‘ನೆಲೆವೀಡಿ’ನಲ್ಲಿ ಸುಖದಿಂದ ರಾಜ್ಯವಾಳುತ್ತಿದ್ದನೆಂಬ ಒಕ್ಕಣೆ ಮತ್ತೆ ಮತ್ತೆ ಕಾಣುತ್ತದೆ. ‘ಬೀಡು’ ಎಂಬುದು ‘ಬಿಡು’ ಧಾತುವಿನಿಂದ ಬಂದುದು. ಪಯಣದಲ್ಲಿ ಬಿಡಾರ ಬಿಟ್ಟ ಎಡೆ ಎಂಬುದು ಅದರ ಮೊದಲ ಅರ್ಥ. ತಿರುಗುವ ಪಾಳೆಯವು ಒಂದೆಡೆ ನೆಲೆನಿಂತಾಗ ನೆಲೆವೀಡಾಯಿತು, ನೆಲೆವೀಡು ರಾಜಧಾನಿಯಾಯಿತು. ಸಂಸ್ಕೃತದ ‘ವಿಹಾರ’ದಲ್ಲಿ ಕಂಡ ಅರ್ಥವ್ಯತ್ಯಾಸವು ಅಚ್ಚಗನ್ನಡದ ‘ಬೀಡಿ’ನಲ್ಲಿಯೂ ನಡೆದಿದೆ.

೭

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯವು ಚರಿತ್ರೆಯ ಸಾಮಗ್ರಿಯನ್ನು ತೂಗುವ ಕ್ರಮಕ್ಕೆ ಸಂಬಂಧಿಸಿದುದು. ಕರ್ಣಾಟಕದಲ್ಲಿ ಬೌದ್ಧಮತದ ವ್ಯಾಪ್ತಿಯನ್ನು ಹೇಳುವಾಗ ಶಾಸನೋಕ್ತವಾದ ವಿಹಾರಗಳನ್ನು ಎಣಿಸುವುದು ರೂಢಿಯಾಗಿದೆ. ವಿಹಾರಗಳು ಕಡಿಮೆ, ಬಸದಿಗಳು ಹೆಚ್ಚು. ಆದ್ದರಿಂದ ಬೌದ್ಧಮತ ದುರ್ಬಲವಾಗಿತ್ತು, ಜೈನಮತ ಪ್ರಬಲವಾಗಿತ್ತು ಎಂದು ತೀರ್ಮಾನಿಸಲಾಗುತ್ತದೆ. ಈ ತೀರ್ಮಾನ ತಪ್ಪೆಂದು ನಮ್ಮ ವಾದವಲ್ಲ. ಜೈನಮತಕ್ಕೆ ದೊರೆತ ರಾಜಾಶ್ರಯವೂ ಕನ್ನಡ ಸಾಹಿತ್ಯದಲ್ಲಿ ಅದಕ್ಕಿರುವ ಸ್ಥಾನವೂ ಎಲ್ಲರಿಗೂ ತಿಳಿದುವೇ. ಆದರೆ ಎಣಿಕೆಯಿಂದ ಅಳೆಯಬಹುದಾದುದು ನೆಲೆನಿಂತ ಸಂಸ್ಥೆಗಳ ಬಲ ಮಾತ್ರ. ನೆಲೆಯಿಲ್ಲದೆ ತಿರುಗಿದವರ ಪ್ರಭಾವವನ್ನು ಅದು ಅಳೆಯಲಾರದು. ಹತ್ತು ಹಳ್ಳಿಗಳಲ್ಲಿ ಹತ್ತು ರಾತ್ರಿ ತಂಗಿ ಬೋಧಿಸಿದ ಭಿಕ್ಷುವಿಗಿಂತ ಒಂದು ಹಳ್ಳಿಯ ಮಾನ್ಯವನ್ನು ಪಡೆದ ಆಚಾರ್ಯನು ಚರಿತ್ರಕಾರನ ಕಣ್ಣಿಗೆ ಸುಲಭವಾಗಿ ಬೀಳುತ್ತಾನೆ. ಇದು ಸಾಮಗ್ರಿಯ ಸ್ವಭಾವದಿಂದ ಬಂದ ಓರೆ. ಅದನ್ನು ಸಮಾಜದ ಸ್ವಭಾವವೆಂದು ತಿಳಿಯಬಾರದು.

ಹನ್ನೆರಡನೆಯ ಶತಮಾನದ ಶಿವಶರಣರು ‘ಸ್ಥಾವರ’, ‘ಜಂಗಮ’ ಎಂಬ ಎರಡು ಮಾತುಗಳನ್ನು ಎದುರುಬದುರಾಗಿ ಇಟ್ಟು ವಿಚಾರ ಮಾಡಿದುದು ಪ್ರಸಿದ್ಧವಾಗಿದೆ. ನಿಂತ ಗುಡಿಗಿಂತ ನಡೆವ ಜಂಗಮವು ಹಿರಿದೆಂದು ಅವರು ಎತ್ತಿ ಹಿಡಿದರು. ಅವರ ತತ್ತ್ವದ ಆಳ ಬೇರೆಯೇ ಇರಲಿ. ನಾಡಿನ ಧಾರ್ಮಿಕ ಜೀವನದಲ್ಲಿ ನಿಲುಗಡೆಗೂ ನಡಿಗೆಗೂ ಇದ್ದ ತಿಕ್ಕಾಟವನ್ನು ಅವರು ಸ್ಪಷ್ಟವಾಗಿ ಗುರುತಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅವರ ಪರಂಪರೆಯಲ್ಲಿಯೂ ಮುಂದೆ ಮಠಗಳು ಬೆಳೆದುವು. ಉತ್ತರ ಕರ್ಣಾಟಕದಲ್ಲಿ ‘ಚರಂತಿಮಠ’ ಎಂಬ ಹೆಸರಿನ ಮಠಗಳೂ ಮನೆತನಗಳೂ ಇವೆ. ‘ಚರಂತಿ’ ಎಂಬುದರಲ್ಲಿ ಚಲಿಸುವವನ ನೆನಪಿದೆ. ‘ಮಠ’ ಎಂಬುದು ಅವನು ನಿಂತ ಮನೆ. ‘ವಿಹಾರ’ವು ಒಂದೇ ಶಬ್ದದಲ್ಲಿ ಮುಚ್ಚಿಟ್ಟುದನ್ನು ಈ ಹೆಸರು ಎರಡು ಶಬ್ದಗಳಲ್ಲಿ ಬಿಚ್ಚಿ ಹೇಳುತ್ತದೆ.

ನಡಿಗೆಯೂ ನಿಲುಗಡೆಯೂ ಒಂದಕ್ಕೊಂದು ವಿರೋಧಿಗಳೆಂದು ಮಾತ್ರ ತಿಳಿಯುವುದೂ ಸರಿಯಲ್ಲ. ಇದಕ್ಕೆ ಕದ್ರಿಯೇ ನಿದರ್ಶನ. ಹಿಂದೆ ವಿಹಾರವಿದ್ದ ಆ ಎಡೆಯಲ್ಲಿ ಈಗ ಮಂಜುನಾಥನ ದೇವಾಲಯವೂ, ಅದರ ಸಮೀಪದಲ್ಲಿ ನಾಥಪಂಥದ ಜೋಗಿಮಠವೂ ಇವೆ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ಬಳಿಯ ತ್ರ್ಯಂಬಕೇಶ್ವರದಿಂದ ನಾಥಪಂಥದ ಜೋಗಿಗಳ ತಂಡವೊಂದು ಕಾಲ್ನಡಿಗೆಯಲ್ಲಿ ಹೊರಟು ಕದ್ರಿಗೆ ಬಂದು, ಆ ಮಠಕ್ಕೆ ಹೊಸ ಅಧಿಪತಿಯನ್ನು ಪಟ್ಟಕ್ಕೆ ಏರಿಸುತ್ತದೆ. ಮಠದ ಗದ್ದುಗೆ ಇದ್ದಲ್ಲಿಯೇ ಇದೆ. ಅದರ ಮೇಲೆ ಕೂಡುವವನ ಅಧಿಕಾರಕ್ಕೆ ಮಾತ್ರ ಉದ್ದವಾದ ನ

ಡಿಗೆಯೊಂದು ಸಾಕ್ಷಿಯಾಗಿ ಬರಬೇಕು. ಬೌದ್ಧರ ಭಿಕ್ಷುಗಳಿಗೂ ಈ ಜೋಗಿಗಳಿಗೂ ಇರುವ ಸಂಬಂಧದ ಪ್ರಶ್ನೆ ಬೇರೆ. ಅದನ್ನು ನಾವು ಇಲ್ಲಿ ಎತ್ತುವುದಿಲ್ಲ. ನೆಲೆಯು ತನ್ನ ಬಲವನ್ನು ನಡಿಗೆಯಿಂದ ಮತ್ತೆ ಮತ್ತೆ ಪಡೆಯುವ ಪದ್ಧತಿ ಇಂದಿಗೂ ಜೀವಂತವಾಗಿದೆಯೆಂಬುದಷ್ಟೇ ನಮಗೆ ಪ್ರಕೃತ.

೮

ಈಚಿನ ಬಳಕೆಯಲ್ಲಿ ‘ವಿಹಾರ’ವು ಅಶೋಕನು ಬಿಟ್ಟುಬಿಟ್ಟ ಅರ್ಥಕ್ಕೇ ಹೆಚ್ಚಾಗಿ ಹಿಂದಿರುಗಿದೆ. ‘ವಿಹಾರಧಾಮ’ವೆಂದು ಫಲಕ ಹಾಕಿದ ಎಡೆಗಳಲ್ಲಿ ಜನರು ವಾಹನದಿಂದ ಇಳಿದು ಕೋಣೆಗಳಲ್ಲಿ ತಂಗುತ್ತಾರೆ. ವಿನೋದದ ಅರ್ಥವೂ ಕಟ್ಟಡದ ಅರ್ಥವೂ ಅಲ್ಲಿ ಕೂಡಿಕೊಂಡಿವೆ. ಶಂಕರರು ಹೇಳಿದ ಪಾದಕ್ರಮವೊಂದು ಮಾತ್ರ ಕಾಣುವುದಿಲ್ಲ. ಭಾಷೆಯ ಬಳಕೆಯನ್ನು ಹೀಗೆಯೇ ಇರಬೇಕೆಂದು ಕಟ್ಟುಮಾಡುವುದು ಚರಿತ್ರಕಾರನ ಕೆಲಸವಲ್ಲ. ಆದರೆ ಇಂದಿನ ಅರ್ಥವನ್ನು ಹಿಂದಿನ ಬರೆಹಗಳ ಮೇಲೆ ಹೊರಿಸದಂತೆ ಎಚ್ಚರವಹಿಸುವುದು ಅವನ ಕರ್ತವ್ಯ.

ಆದುದರಿಂದ ಹಳೆಯ ಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಈ ಶಬ್ದವು ಎದುರಾದಾಗ ವಿದ್ಯಾರ್ಥಿಗಳು ಮೂರು ಅಂಶಗಳನ್ನು ವಿಚಾರಿಸಬೇಕೆಂದು ಸೂಚಿಸುತ್ತೇವೆ. ಬರೆಹವು ಯಾವ ಸಂಪ್ರದಾಯದ್ದು ಎಂಬುದು ಮೊದಲನೆಯದು. ಬೌದ್ಧರ ವಿಹಾರವೇ ಬೇರೆ, ಜೈನರ ವಿಹಾರವೇ ಬೇರೆ, ಅರಸರ ವಿಹಾರವೇ ಬೇರೆ. ಅಲ್ಲಿ ಹೇಳಿರುವುದು ಕ್ರಿಯೆಯನ್ನೋ ಸ್ಥಳವನ್ನೋ ಎಂಬುದು ಎರಡನೆಯದು. ಸ್ಥಳವಾಗಿದ್ದರೆ, ಅಲ್ಲಿಗೆ ಬಂದುಹೋಗುತ್ತಿದ್ದವರ ವಿಷಯದಲ್ಲಿ ಬರೆಹವು ಏನನ್ನು ಹೇಳದೆ ಬಿಟ್ಟಿದೆ ಎಂಬುದು ಮೂರನೆಯದು. ಮೂರನೆಯ ಪ್ರಶ್ನೆಗೆ ಉತ್ತರ ಬಹುಶಃ ಶಾಸನದಲ್ಲಿ ಸಿಕ್ಕಲಾರದು. ಊರುಗಳ ನಡುವಣ ಹಳೆಯ ದಾರಿಗಳು, ಘಟ್ಟದ ಕಣಿವೆಗಳು, ಕೆರೆಯ ದಡದ ಮಂಟಪಗಳು, ಊರಹೊರಗಿನ ಗವಿಗಳು, ತಿರುಗುವ ಜೋಗಿ ಜಂಗಮರ ಹಾಡುಗಳು, ಇವುಗಳ ಕಡೆಗೆ ಹೋಗಬೇಕಾಗುತ್ತದೆ. ಅಂಥ ಸಾಮಗ್ರಿಯನ್ನು ಕೂಡಿಸಲು ಗ್ರಂಥಾಲಯದ ಜೊತೆಗೆ ಕಾಲ್ನಡಿಗೆಯ ಕ್ಷೇತ್ರಕಾರ್ಯವೂ ಅಗತ್ಯ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕಿನಲ್ಲಿ ಹಳೆಯ ದಾರಿಯೊಂದನ್ನು ಆರಿಸಿಕೊಂಡು, ಅದರ ಉದ್ದಕ್ಕೂ ನಡೆದು, ತಂಗುದಾಣಗಳನ್ನು ಗುರುತಿಸಿ ಬರೆದಿಟ್ಟರೂ ಈ ಕೆಲಸಕ್ಕೆ ಉಪಕಾರವಾಗುತ್ತದೆ.